ಟ್ರೇಡ್ ಮ್ಯಾಪ್: ಗೇರುಬೀಜ, ಕಾಳುಮೆಣಸಿನವರಿಗೆ ಎಷ್ಟು ಉಪಯೋಗ?

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆ ಹೊರದೇಶಕ್ಕೆ ಮಾಲು ಕಳಿಸುವ ಯೋಚನೆ ಇರುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ದೇಶ ಎಷ್ಟು ಕೊಳ್ಳುತ್ತದೆ, ಏನು ದರಕ್ಕೆ? ಇದಕ್ಕೆ ಟ್ರೇಡ್ ಮ್ಯಾಪ್‌ಗಿಂತ ಒಳ್ಳೆಯ ಉಚಿತ ಸೇವೆ ಇನ್ನೊಂದಿಲ್ಲ. ದೇಶವಾರು ಆಮದು–ರಫ್ತಿನ ಅಂಕಿ ತೋರಿಸುವ ಈ ಜಾಲತಾಣವನ್ನು ನಡೆಸುವುದು ಜಿನೀವಾದ ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರ. 1964ರಲ್ಲಿ ಶುರುವಾದ ಇದು ವಿಶ್ವಸಂಸ್ಥೆ ಮತ್ತು ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ)ಗಳ ಜಂಟಿ ಸಂಸ್ಥೆ. ಅಭಿವೃದ್ಧಿಶೀಲ ದೇಶಗಳ ವ್ಯಾಪಾರ ಸಾಮರ್ಥ್ಯ ಬೆಳೆಯಲೆಂದು ಬೇರೆ ಬೇರೆ ಸರ್ಕಾರಗಳು, ವಿಶ್ವಬ್ಯಾಂಕಿನಂಥವು ಕೊಟ್ಟ ನೆರವಿನಿಂದಲೇ ನಮಗೆ ಟ್ರೇಡ್ ಮ್ಯಾಪ್ ಪುಕ್ಕಟೆ ಸಿಗುತ್ತಿದೆ. ಇಮೇಲ್ ಕೊಟ್ಟು ನೋಂದಾಯಿಸಿಕೊಂಡರೆ ಸಾಕು.

ಎಡವುವ ಜಾಗ ಎಚ್‌ಎಸ್ ಕೋಡ್, ಅಂದರೆ ಸರಕು ಗುರುತಿಸಲು ಬಹುತೇಕ ದೇಶಗಳು ಬಳಸುವ ಆರಂಕಿಯ ಸಂಖ್ಯೆ. 'ಕ್ಯಾಶ್ಯೂ' ಎಂದು ಹುಡುಕಿ ಮೊದಲು ಸಿಕ್ಕಿದ್ದನ್ನು ಒತ್ತಬೇಡಿ. 080131 ಸಿಪ್ಪೆ ಸಹಿತ ಗೇರುಬೀಜ, 080132 ಸುಲಿದ ತಿರುಳು. ಮೊದಲನೆಯದನ್ನು ಒತ್ತಿದರೆ ಆಫ್ರಿಕಾದಿಂದ ಕಚ್ಚಾ ಬೀಜ ತರಿಸುವ ವಿಯೆಟ್ನಾಂ, ಭಾರತ ಮೇಲೆ ಬರುತ್ತವೆ. ತಿರುಳು ಮಾರುವವರಿಗೆ ಆ ಪಟ್ಟಿಯಿಂದ ಏನೂ ಪ್ರಯೋಜನವಿಲ್ಲ. ಇಡೀ ಕಾಳುಮೆಣಸು 090411, ಪುಡಿ ಮಾಡಿದ್ದು 090412. ಸಿಪ್ಪೆ ಸುಲಿದ, ಚಿಪ್ಪಿರುವ ತೆಂಗಿನಕಾಯಿ 080112, ಕೊಬ್ಬರಿ 120300. ಅಡಿಕೆಗೆ 080280. ಅಡಿಕೆಗೆ ಪ್ರತ್ಯೇಕ ಕೋಡ್ ಬಂದದ್ದೇ 2012ರ ಪರಿಷ್ಕರಣೆಯಲ್ಲಿ, ಅದಕ್ಕೂ ಮುಂಚೆ ಅದು 080290ರಲ್ಲಿ ಬೇರೆ ಬೀಜಗಳ ಜೊತೆ ಸೇರಿತ್ತು. ಹಾಗಾಗಿ 2012ರ ಹಿಂದಿನ ಅಂಕಿ ಖಾಲಿ ಕಂಡರೆ ಆಗ ವ್ಯಾಪಾರವೇ ಇರಲಿಲ್ಲ ಎಂದುಕೊಳ್ಳಬೇಡಿ.

ಕೋಡ್ ಸರಿಯಾದ ಮೇಲೆ 'ಇಂಪೋರ್ಟ್ಸ್' ಆರಿಸಿ, ದೇಶದ ಜಾಗ ಖಾಲಿ ಬಿಟ್ಟು, 'ಟ್ರೇಡ್ ಇಂಡಿಕೇಟರ್ಸ್' ಒತ್ತಿ. ಮೌಲ್ಯ, ಪ್ರಮಾಣ, ಘಟಕ ಬೆಲೆ, ವರ್ಷದ ಬೆಳವಣಿಗೆ ಒಂದೇ ಕೋಷ್ಟಕದಲ್ಲಿ ಬರುತ್ತವೆ. ಮೌಲ್ಯ ಸಾವಿರ ಡಾಲರುಗಳಲ್ಲಿರುತ್ತದೆ. 4,200 ಎಂದಿದ್ದರೆ ಅದು 42 ಲಕ್ಷ ಡಾಲರ್. ಪ್ರಮಾಣ 600 ಟನ್ ಇದ್ದರೆ ಟನ್ನಿಗೆ 7,000, ಕಿಲೋಗೆ 7 ಡಾಲರ್ ಬಿತ್ತು. ಆಮದಿನ ಬೆಲೆಯಲ್ಲಿ ಸಾಮಾನ್ಯವಾಗಿ ಹಡಗು ಬಾಡಿಗೆ, ವಿಮೆ ಸೇರಿರುತ್ತದೆ. ಪಣಂಬೂರು ಬಂದರಿನಲ್ಲಿ ನಿಮ್ಮ ಕೈಗೆ ಬರುವ ದರ ಅದಕ್ಕಿಂತ ಕಡಿಮೆ. ಕಿತ್ತಳೆ ಬಣ್ಣದ ಅಂಕಿಗಳು ಆ ದೇಶ ತಾನೇ ಕೊಟ್ಟದ್ದಲ್ಲ, ಅದರೊಡನೆ ವ್ಯಾಪಾರ ಮಾಡುವವರ ಲೆಕ್ಕದಿಂದ ತೆಗೆದದ್ದು. ಅವನ್ನು ಅಂದಾಜೆಂದೇ ಇಟ್ಟುಕೊಳ್ಳಿ.

ದೊಡ್ಡ ಕೊರತೆ ಗ್ರೇಡಿನದು. ಒಂದು ಪೌಂಡಿಗೆ 300–320 ಬೀಜ ಬರುವ ಡಬ್ಲ್ಯು320 ಇರಲಿ, ತುಂಡಾದ ತಿರುಳಿರಲಿ, ಆರಂಕಿಯ 080132ರಲ್ಲಿ ಎಲ್ಲ ಒಂದೇ ರಾಶಿ. ಭಾರತದ ಎಂಟಂಕಿಯ ಕೋಡಿನಲ್ಲಿ ತುಂಡು 08013210, ಇಡಿ 08013220 ಎಂದು ಬೇರೆ ಇವೆ. ಇಪ್ಪತ್ತಡಿ ಕಂಟೇನರಿಗೆ 22.68 ಕಿಲೋದ 700 ಪೆಟ್ಟಿಗೆ, ಅಂದರೆ ಸುಮಾರು 15.9 ಟನ್ ಹಿಡಿಯುತ್ತದೆ. ಅಷ್ಟು ಮಾಲಿಗೆ ಸರಾಸರಿ ಬೆಲೆ ನೋಡಿ ದರ ಹೇಳಿದರೆ ಇಡಿ ಬೀಜದವನಿಗೆ ನಷ್ಟ, ತುಂಡಿನವನಿಗೆ ಗಿರಾಕಿಯೇ ಸಿಗುವುದಿಲ್ಲ.

ಸುಂಕಕ್ಕೆ ಇದೇ ಸಂಸ್ಥೆಯ ಮಾರ್ಕೆಟ್ ಆಕ್ಸೆಸ್ ಮ್ಯಾಪ್ ಇದೆ. ಅದನ್ನು ಪರೀಕ್ಷಿಸಲು ನಮ್ಮ ತೋಟಗಳ ಮೆಣಸೇ ಸಾಕು: ಭಾರತಕ್ಕೆ ಬರುವ ಮೆಣಸಿಗೆ ಸಾಮಾನ್ಯ ಸುಂಕ ಶೇ. 70, ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರದ ಸಾಫ್ಟಾ ಒಪ್ಪಂದದಡಿ ಶ್ರೀಲಂಕಾದ್ದಕ್ಕೆ ಶೇ. 8, ಭಾರತ–ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್ ವರೆಗೆ ಸೊನ್ನೆ. ಒಂದೇ ದೇಶದ ಒಂದೇ ಸರಕಿಗೆ ಇಷ್ಟು ದರ! ನೀವು ಮಾರಹೊರಟ ದೇಶದಲ್ಲೂ ಹೀಗೇ ಇರಬಹುದು. ಮೊದಲ ಸಾಲು ನೋಡಿ ನಿಲ್ಲಿಸದೆ ಎಲ್ಲ ಸಾಲು ಓದಿ. ರಿಯಾಯಿತಿ ದರ ಬೇಕಾದರೆ ಮಾಲು ಯಾವ ದೇಶದ್ದೆಂದು ತೋರಿಸುವ ಮೂಲ ಪ್ರಮಾಣಪತ್ರ ಬೇಕೇ ಬೇಕು. ಇನ್ನೊಂದು ಮಾತು, ಕನಿಷ್ಠ ಆಮದು ಬೆಲೆ ಸುಂಕವಲ್ಲ, ಅದಕ್ಕಿಂತ ಕಡಿಮೆ ಬೆಲೆಗೆ ತರಿಸಬಾರದೆಂಬ ಮಿತಿ. ಮೆಣಸಿಗೆ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ, ಅಡಿಕೆಗೆ 2023ರ ಫೆಬ್ರವರಿಯಲ್ಲಿ 351 ರೂಪಾಯಿ ಎಂದು ಬಂದ ಆದೇಶಗಳನ್ನು ಸುಂಕದ ಸಾಲಿನಲ್ಲಿ ಹುಡುಕಿ ಫಲವಿಲ್ಲ, ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಅಧಿಸೂಚನೆಗಳಲ್ಲೇ ನೋಡಬೇಕು.

'ಕಂಪನೀಸ್' ಎಂಬ ವಿಭಾಗದ ಮೇಲೆ ಹೆಚ್ಚು ಭರವಸೆ ಬೇಡ. ಯಾವ ದೇಶ ಕೊಳ್ಳುತ್ತದೆ ಎಂಬುದನ್ನು ಟ್ರೇಡ್ ಮ್ಯಾಪ್ ಚೆನ್ನಾಗಿ ತೋರಿಸುತ್ತದೆ, ಯಾರು ಕೊಳ್ಳುತ್ತಾರೆ ಎಂಬುದನ್ನಲ್ಲ. ಕನ್ನಡ, ಮಲಯಾಳ ಎರಡೂ ಇಲ್ಲದಿರುವುದು ನಮ್ಮ ಗಡಿನಾಡಿನವರಿಗೆ ನಿಜಕ್ಕೂ ಕಷ್ಟ. ಮೊಬೈಲಿನಲ್ಲಿ ಅಗಲದ ಕೋಷ್ಟಕ ಓದುವುದು ತ್ರಾಸ; ಕಂಪ್ಯೂಟರಿನಲ್ಲಿ ಎಕ್ಸೆಲ್‌ಗೆ ಇಳಿಸಿಕೊಳ್ಳಿ.

ಜೊತೆಗೆ ಇಪಿಂಗ್ ಎಂಬ ಉಚಿತ ಸೇವೆಯಲ್ಲೂ ಹೆಸರು ಕೊಟ್ಟಿಡಿ. ಕೋಡ್ ಮತ್ತು ದೇಶ ಆರಿಸಿದರೆ, ಆ ದೇಶ ಕೀಟನಾಶಕ ಶೇಷದ ಮಿತಿ, ಲೇಬಲ್ ಇತ್ಯಾದಿ ನಿಯಮ ಬದಲಿಸಲು ಡಬ್ಲ್ಯುಟಿಒಗೆ ಸೂಚನೆ ಕೊಟ್ಟಾಗ ಇಮೇಲ್ ಬರುತ್ತದೆ. ಆಕ್ಷೇಪಕ್ಕೆ ಸಾಮಾನ್ಯವಾಗಿ 60 ದಿನ ಇರುತ್ತದೆ. ಮೆಣಸಿಗೆ ಏನು ಸಿಂಪಡಿಸಬೇಕು, ಏನು ಬಿಡಬೇಕು ಎಂದು ತೋಟದವರಿಗೆ ತಿಳಿಸಲು ಆ ಎರಡು ತಿಂಗಳು ಬಹಳ ಬೆಲೆಯುಳ್ಳದ್ದು.