ಒತ್ತಕ್ಷರ ಬಿಡಿಸಿದ ತಂತ್ರಾಂಶವೂ ನನ್ನ ಹಳೆಯ ಮೇಲ್ ಮರ್ಜೂ

ಕಕ್ಷಿದಾರರಿಗೆ ಕನ್ನಡದಲ್ಲಿ ಪತ್ರ ಕಳುಹಿಸಲು ಒಂದು ತಂತ್ರಾಂಶ ಕೊಂಡೆ, ಅದರ ವರ್ಷದ ಚಂದಾ 14,000 ರೂಪಾಯಿ ನೀರಿನಲ್ಲಿ ಹೋಮವಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೂ ನನ್ನ ಹಳೆಯ ಮೇಲ್ ಮರ್ಜ್‌ಗೂ (ಒಂದೇ ಮಾದರಿ ಪತ್ರಕ್ಕೆ ಪಟ್ಟಿಯಿಂದ ಒಬ್ಬೊಬ್ಬರ ವಿವರ ತುಂಬಿಸುವ ವಿಧಾನ) ಮಾಡುವ ಈ ಹೋಲಿಕೆಯಲ್ಲಿ ನಿಷ್ಪಕ್ಷಪಾತವನ್ನು ಹುಡುಕಬೇಡಿ.

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ತೆರಿಗೆ ಕಚೇರಿ. ಸುಮಾರು 300 ಕಕ್ಷಿದಾರರು. ಮೇ ತಿಂಗಳಲ್ಲಿ ಒಬ್ಬೊಬ್ಬರಿಗೂ ಯಾವ ಯಾವ ಕಾಗದ ತರಬೇಕೆಂದು ಪತ್ರ ಹೋಗಬೇಕು. ಮೇಷ್ಟರಿಗೆ ಸಂಬಳ ಮತ್ತು ಅದರಲ್ಲಿ ಕಡಿತವಾದ ತೆರಿಗೆಯ ಪ್ರಮಾಣಪತ್ರವಾದ ಫಾರಂ 16 ಸಾಕು. ಅಡಿಕೆ ತೋಟದವರದು ಹಾಗಲ್ಲ. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ಎಂಬ ಸರಳ ರಿಟರ್ನ್ ನಮೂನೆ ನಡೆಯುವುದಿಲ್ಲ. 5 ಲಕ್ಷ ದಾಟಿದರೆ ಜಮೀನಿನ ಅಳತೆ, ಸ್ವಂತದ್ದೋ ಗೇಣಿಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲವನ್ನೂ ತುಂಬಬೇಕು. ಹಾಗಾಗಿ ಅವರ ಪತ್ರದಲ್ಲಿ ಪಹಣಿ, ಮಂಡಿಯ ಪಟ್ಟಿ ಎಂಬ ಎರಡು ಸಾಲು ಹೆಚ್ಚಿಗೆ ಬೇಕು.

ಕೊಂಡ ತಂತ್ರಾಂಶದ ಹೆಸರು ಬೇಡ. ಮಾದರಿ ಪತ್ರ ಕೂಡಿಸುವುದು ಸುಲಭ, ಪರದೆಯ ಮೇಲೆ ಕನ್ನಡವೂ ಚೆನ್ನಾಗಿಯೇ ಕಂಡಿತು. ಪಿಡಿಎಫ್ ಆದ ಮೇಲೆ ನೋಡಿದರೆ ತೀರ್ಥಹಳ್ಳಿ ಹೋಗಿ 'ತೀರ್‌ಥಹಳ್‌ಳಿ' ಆಗಿತ್ತು. 'ವಿಶ್ವಾಸಿ' ಎನ್ನುವಲ್ಲಿ 'ವಿಶ್‌ವಾಸಿ'. ಗಮನಿಸದೆ ನಲವತ್ತು ಪತ್ರ ಅಂಚೆಗೆ ಹಾಕಿಬಿಟ್ಟಿದ್ದೆ. ಹಿರಿಯರೊಬ್ಬರು ಅದನ್ನು ಹಿಡಿದುಕೊಂಡೇ ಬಂದು, "ಎಂತ ಮಾರಾಯ್ರೆ, ನನ್ನ ಹೆಸರಿಗೇ ಕತ್ತರಿ ಹಾಕಿದ್ದೀರಲ್ಲ" ಎಂದರು.

ಫಾಂಟ್ ಬದಲಿಸಿದೆ. 'ನುಡಿ' ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿದ್ದ ಹಳೆಯ ಪಠ್ಯವನ್ನು ಬಿಸಾಡಿ ಯೂನಿಕೋಡಿನಲ್ಲಿ ಹೊಸದಾಗಿ ಬೆರಳಚ್ಚಿಸಿದೆ. ಅದೇ ಹಾಡು. ಯೂನಿಕೋಡಿನಲ್ಲಿ 'ಳ್ಳಿ' ಎಂಬುದು ಒಂದೇ ಅಕ್ಷರವಾಗಿ ಇರುವುದಿಲ್ಲ. ಳ, ವಿರಾಮ (ಅರ್ಧಾಕ್ಷರದ ಗುರುತು), ಮತ್ತೊಂದು ಳ, ಗುಡಿಸು (ಇಕಾರದ ಗುರುತು) ಎಂದು ಸಾಲಾಗಿರುತ್ತವೆ. ಅವನ್ನು ಹೆಣೆದು ಒತ್ತು ಮಾಡುವುದು ತಂತ್ರಾಂಶದ ಕೆಲಸ. ಪಿಡಿಎಫ್ ಮಾಡುವಾಗ ಇದು ಆ ಹೆಣಿಗೆಯನ್ನೇ ಬಿಟ್ಟು ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿತ್ತು. ಸಹಾಯವಾಣಿಯವರು ಮೂರು ವಾರ ಸತಾಯಿಸಿ, ಕೊನೆಗೆ ಪತ್ರವನ್ನು ಇಂಗ್ಲಿಷಿನಲ್ಲಿ ಕಳುಹಿಸಿ ಎಂದರು.

ನನ್ನ ಹಳೆಯ ವರ್ಡ್ ಮೇಲ್ ಮರ್ಜ್‌ನಲ್ಲಿ ಈ ಗೋಳಿಲ್ಲ. ಎಕ್ಸೆಲ್‌ನಲ್ಲಿ 'ಕೃಷಿ' ಎಂಬ ಕಾಲಂ ಇಟ್ಟು, ಅಲ್ಲಿ 'ಹೌದು' ಇದ್ದರೆ ಮಾತ್ರ ಪಹಣಿಯ ಸಾಲು ಬರುವಂತೆ ನಿಯಮ ಹಾಕಿದ್ದೇನೆ. ಮೊದಲ ವರ್ಷ ಜುಲೈ 31 ಎಂಬುದು 7/31 ಎಂದು ಅಚ್ಚಾಗಿತ್ತು. ಸ್ವರೂಪ ಹೇಳದೆ ಬಿಟ್ಟ ತಪ್ಪು ನನ್ನದೇ. ಈಗ ದಿನಾಂಕವನ್ನೂ ಮೊತ್ತವನ್ನೂ ಎಕ್ಸೆಲ್‌ನಲ್ಲಿಯೇ ಪಠ್ಯವಾಗಿಸಿ ಇಡುತ್ತೇನೆ. 1,25,000 ಎಂದು ಬರೆದರೆ ಹಾಗೆಯೇ ಬರುತ್ತದೆ.

ಗೂಗಲ್ ಡಾಕ್ಸ್ ಒಂದು ವಾರ ನೋಡಿದೆ. ಚೊಕ್ಕವಾಗಿದೆ. ಆದರೆ ಜುಲೈ ಮಳೆಯಲ್ಲಿ ನಮ್ಮಲ್ಲಿ ಇಂಟರ್‌ನೆಟ್ ನೆಚ್ಚಿಕೊಂಡು ಕೂರುವವನು ನಾನಲ್ಲ.

ಕೊಂಡ ತಂತ್ರಾಂಶಕ್ಕೆ ಒಂದು ವಿಷಯದಲ್ಲಿ ಪೂರ್ಣ ಅಂಕ. ವಾರ್ಷಿಕ ಮಾಹಿತಿ ವಿವರಣೆಯ (ಎಐಎಸ್, ಕಕ್ಷಿದಾರರ ಆದಾಯ, ವಹಿವಾಟುಗಳ ಬಗ್ಗೆ ತೆರಿಗೆ ಇಲಾಖೆ ಕೊಡುವ ಪಟ್ಟಿ) ಪಿಡಿಎಫ್ ತೆರೆಯಲು ಪ್ಯಾನ್ ಅನ್ನು ಸಣ್ಣಕ್ಷರದಲ್ಲಿ ಹೊಡೆದು, ಅದಕ್ಕೆ ಹುಟ್ಟಿದ ದಿನಾಂಕದ ಎಂಟು ಅಂಕಿ ಸೇರಿಸಬೇಕು. ಅದನ್ನು ತಾನೇ ಮಾಡಿ, ಒಳಗಿನ ಬಡ್ಡಿ, ಲಾಭಾಂಶವನ್ನು ಹೆಕ್ಕಿ ಕೊಡುತ್ತಿತ್ತು. ಈಗ ನನ್ನ ಸಹಾಯಕ ಕೈಯಲ್ಲೇ ಹೊಡೆಯುತ್ತಾನೆ, ಗೊಣಗುತ್ತಾನೆ. ಸಂಬಳದಾರರೇ ಹೆಚ್ಚಿದ್ದು ಇಂಗ್ಲಿಷ್ ಪತ್ರ ನಡೆಯುವ ಕಚೇರಿಯಾಗಿದ್ದರೆ ಧಾರಾಳವಾಗಿ ಕೊಳ್ಳಬಹುದು.

ನಾನು ಚಂದಾ ಮುಂದುವರಿಸಲಿಲ್ಲ. ಆ ದುಡ್ಡಿನಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ.