ಗಾಯದ ಫೋಟೋಗೆ ಯಾವುದು ಸರಿ: ಬರೀ ಫೋನಾ, ಕ್ಲಿಪ್ ಲೆನ್ಸಾ, ಡಿಎಸ್‌ಎಲ್‌ಆರಾ?

ಆಲೆಮನೆಯಲ್ಲಿ ಕುದಿಯುವ ಪಾಕ ಸಿಡಿದು ಮುಂಗೈ ಸುಟ್ಟುಕೊಂಡಿದ್ದ ಅಜ್ಜಿಯೊಬ್ಬರು ಎರಡನೇ ವಾರ ಮಂಡ್ಯದ ನನ್ನ ಕ್ಲಿನಿಕ್‌ಗೆ ಬಂದರು. ಹಳೇ ಫೋಟೋ, ಹೊಸ ಫೋಟೋ ಅಕ್ಕಪಕ್ಕ ಇಟ್ಟು ನೋಡಿದೆ. ಗಾಯ ಅರ್ಧಕ್ಕರ್ಧ ಕುಗ್ಗಿದ ಹಾಗಿತ್ತು. "ಎಷ್ಟೋ ವಾಸಿಯಾಗಿದೆ ಕಣವ್ವ" ಅಂದೆ. "ಉರಿ ಹಂಗೇ ಅದೆ ಕಣಪ್ಪ" ಅಂದರು ಅಜ್ಜಿ. ಸ್ಕೇಲ್ ಹಿಡಿದು ಅಳೆದರೆ 42 ಮಿಲಿಮೀಟರ್. ಮೊದಲ ದಿನ ಚೀಟಿಯಲ್ಲಿ ಬರೆದದ್ದು 44. ಅಜ್ಜಿ ಹೇಳಿದ್ದೇ ಸರಿ. ಮೊದಲನೆಯದನ್ನು ಗೇಣಿಗಿಂತ ಹತ್ತಿರದಿಂದ, ಎರಡನೆಯದನ್ನು ಮೊಳದಷ್ಟು ದೂರದಿಂದ ತೆಗೆದಿದ್ದೆ.

ಕೇಸ್ ಶೀಟ್‌ನ ಫೋಟೋ ಚೆನ್ನಾಗಿ ಕಂಡರೆ ಸಾಲದು, ಹೋದ ಸಲದ ಫೋಟೋಗೆ ತಾಳೆಯಾಗಬೇಕು. ಆಮೇಲೆ ಆರು ತಿಂಗಳು ನಾಲ್ಕು ದಾರಿಗಳನ್ನು ಈ ಒಂದೇ ಅಳತೆಗೋಲಿನಿಂದ ನೋಡಿದೆ.

ಫೋನನ್ನು ಗಾಯದ ಹತ್ತಿರಕ್ಕೆ ಒಯ್ದು ಕ್ಲಿಕ್ಕಿಸುವುದು ನಾವೆಲ್ಲ ಮಾಡುವ ಕೆಲಸ. ಫಲಿತಾಂಶ ಮಾತ್ರ ಅತ್ಯಂತ ಕೆಟ್ಟದ್ದು. ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಹತ್ತಿರ ಹೋದಷ್ಟೂ ಮುಂದಿರುವುದು ಉಬ್ಬುತ್ತದೆ, ಹಿಂದಿರುವುದು ಕುಗ್ಗುತ್ತದೆ. ಇನ್ನೂ ಹತ್ತಿರ ಹೋದರೆ ಕೆಲವು ಫೋನು ತಾನಾಗಿಯೇ ಇನ್ನೂ ಅಗಲದ ಲೆನ್ಸಿಗೆ ಜಿಗಿಯುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಅಗ್ಗದ ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೋ (ತೀರ ಹತ್ತಿರದ್ದನ್ನು ತೆಗೆಯುವ) ಕ್ಯಾಮೆರಾ ದಾಖಲೆಗೆ ಏನೂ ಪ್ರಯೋಜನವಿಲ್ಲ.

ಫೋನಿನ ಲೆನ್ಸಿನ ಮೇಲೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೆರಳ ಸಂದಿನ ಕಜ್ಜಿಯ ಗೆರೆ, ಉಗುರಿನ ಬುಡ, ಒಂಟಿ ಮಚ್ಚೆ, ಇವಕ್ಕೆ ನಿಜಕ್ಕೂ ಒಳ್ಳೆಯದು. ಆದರೆ ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋದರೇ ಫೋಕಸ್ ಆಗುವುದು. ಫೋನಿನ ನೆರಳೇ ಗಾಯದ ಮೇಲೆ ಬೀಳುತ್ತದೆ, ಅಂಚು ಮಸುಕಾಗುತ್ತದೆ, ಹಸಿ ಗಾಯದವರು ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ.

ಮೈಸೂರಿನ ಮದುವೆ ಫೋಟೋಗ್ರಾಫರ್ ಒಬ್ಬರು ಮಿರರ್‌ಲೆಸ್‌ಗೆ ಬದಲಾದಾಗ ಅವರ ಹಳೇ ಕ್ಯಾನನ್ ಡಿಎಸ್‌ಎಲ್‌ಆರ್ ಕ್ಯಾಮೆರಾ, 60 ಎಂಎಂ ಮ್ಯಾಕ್ರೋ ಲೆನ್ಸ್, ರಿಂಗ್ ಫ್ಲಾಶ್ ಮೂರನ್ನೂ ಕೊಂಡೆ. ಲೆನ್ಸಿನ ಕಿಂಡಿ ಎಫ್16, ಬೆಳಕಿನ ಸಂವೇದನೆ ಐಎಸ್‌ಒ 200, ಶಟರ್ 1/125 ಸೆಕೆಂಡ್, ಎಲ್ಲ ಕೈಯಾರೆ ಹೊಂದಿಸಿದ್ದು. ಬಂದ ಚಿತ್ರ ನೋಡಿ ಮನಸ್ಸು ತುಂಬಿತು. ಗಾಯದ ಅಂಚಿನಲ್ಲಿ ಹೊಸ ಚರ್ಮ ತೆಳು ಗುಲಾಬಿ ಪೊರೆಯಾಗಿ ಒಳಕ್ಕೆ ಹರಿದು ಬರುತ್ತಿರುವುದು ಎಳೆ ಎಳೆಯಾಗಿ ಕಾಣುತ್ತಿತ್ತು. ಗುಣಮಟ್ಟದಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ಸಂತೆ ದಿನ ಹೊರಗೆ ಬೆಂಚು ತುಂಬಿರುವಾಗ ಕ್ಯಾಮೆರಾ ತೆಗೆದು, ಕಾರ್ಡ್ ಬಿಚ್ಚಿ, ಕಂಪ್ಯೂಟರಿಗೆ ಹಾಕಿ, ಹೆಸರು ಬದಲಿಸಿ ಇಡುವವರು ಯಾರು? ಸಿಸ್ಟರ್‌ಗೆ ಅದನ್ನು ಮುಟ್ಟಲೂ ಭಯ. ಮೂರನೇ ತಿಂಗಳಿಗೆ ಬೀರು ಸೇರಿತು. ತೆಗೆಯದೇ ಬಿಟ್ಟ ಫೋಟೋಗಿಂತ ಸಾಧಾರಣ ಫೋಟೋ ಮೇಲು.

ಕೊನೆಗೆ ಉಳಿದದ್ದು ಅದೇ ಫೋನು, ಹಿಡಿಯುವ ಕ್ರಮ ಬೇರೆ. ಕವರಿಗೆ 30 ಸೆಂಟಿಮೀಟರ್ ದಾರ ಕಟ್ಟಿದ್ದೇನೆ. ದಾರದ ತುದಿ ಗಾಯದ ಪಕ್ಕದ ಚರ್ಮದ ನೇರಕ್ಕೆ ಬರುವಷ್ಟು ದೂರ ನಿಂತು, ದಾರ ಸರಿಸಿ, 2x ಒತ್ತಿ ತೆಗೆಯುವುದು. ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ಇಲ್ಲದ ಫೋನಿನಲ್ಲಿ 2x ಅಂದರೆ ನಡುಭಾಗ ಕತ್ತರಿಸಿ ಕೊಡುವುದಷ್ಟೇ, ಆದರೂ ದಾಖಲೆಗೆ ಸಾಕು. ಕಾಗದದ ಸ್ಕೇಲ್ ಗಾಯದ ಮಟ್ಟದಲ್ಲೇ ಇರಬೇಕು, ಬಳಸಿದ ಮೇಲೆ ಎಸೆಯಬೇಕು. ಕೆಳಗೆ ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ.

ಬೆಳಕಿನಲ್ಲಿ ನಾನು ಹೆಚ್ಚು ಕಲಿತೆ. ಕಿಟಕಿಯ ಬಿಸಿಲೂ ಬಲ್ಬೂ ಬೆರೆತರೆ ಬಣ್ಣ ದಿನಕ್ಕೊಂದು ಬಗೆ, ಹಾಗಾಗಿ ಪರದೆ ಎಳೆದು ಒಂದೇ ಎಲ್‌ಇಡಿ ಹಾಕುತ್ತೇನೆ. ಅಗ್ಗದ ಎಲ್‌ಇಡಿಯಲ್ಲಿ ಅಡ್ಡಪಟ್ಟೆ ಬಂದರೆ ಶಟರ್ 1/50 ಅಥವಾ 1/100 ಸೆಕೆಂಡಿಗೆ ನಿಲ್ಲಿಸಿ. ನಮ್ಮ ಕರೆಂಟು 50 ಹರ್ಟ್ಜ್‌ನದು, ಅದರಿಂದಾಗುವ ಮಿನುಗಿಗೆ ಈ ವೇಗ ಹೊಂದುತ್ತದೆ. ಕಪ್ಪು ಮೈಬಣ್ಣವನ್ನು ಫೋನು ತಾನೇ ತಿಳಿಯಾಗಿಸುತ್ತದೆ, ತೊನ್ನಿನ ಮಚ್ಚೆ ಸುಣ್ಣ ಬಳಿದಂತಾಗುತ್ತದೆ. ಎಕ್ಸ್‌ಪೋಷರ್ (ಫೋಟೋಗೆ ಬೀಳುವ ಬೆಳಕಿನ ಪ್ರಮಾಣ) ಲಾಕ್ ಮಾಡಿ, ಸ್ವಲ್ಪ ಇಳಿಸಿ. ಬ್ಯೂಟಿ ಫಿಲ್ಟರ್ ಆಫ್ ಇದೆಯಾ ಅಂತ ಪ್ರತಿ ಸಲ ನೋಡಿ. ಬೆಳಕಿಗೊಂದು ಪೋಲರೈಸರ್ ಹಾಳೆ (ಒಂದೇ ದಿಕ್ಕಿನ ಬೆಳಕನ್ನು ಬಿಡುವ ಹಾಳೆ), ಅದಕ್ಕೆ ಅಡ್ಡ ದಿಕ್ಕಿನಲ್ಲಿ ಲೆನ್ಸಿಗೆ ಇನ್ನೊಂದು ಹಿಡಿದರೆ ಹೊಳಪು ಹೋಗಿ ಕೆಂಪು ಎದ್ದು ಕಾಣುತ್ತದೆ. ಸೋರಿಯಾಸಿಸ್‌ನ ಹೊಟ್ಟು ಮಾತ್ರ ಮಾಯವಾಗುತ್ತದೆ, ಆದ್ದರಿಂದ ಹಾಳೆ ಇಲ್ಲದೆಯೂ ಒಂದು ತೆಗೆಯಬೇಕು.

ಅಜ್ಜಿಯ ಮುಂಗೈ ಮೇಲೆ ಹಳೇ ಕಾಲದ ಹಚ್ಚೆ ಇತ್ತು, ಚುಕ್ಕಿ ಸಾಲು, ಕೆಳಗೆ ಗಂಡನ ಹೆಸರು. ಫ್ರೇಮ್ ಸರಿಹೊಂದಿಸಲು ಅದಕ್ಕಿಂತ ಒಳ್ಳೆಯ ಗುರುತು ಇಲ್ಲ. ಚರ್ಮ ಬದಲಾದರೂ ಚುಕ್ಕಿ ಜಾಗ ಬಿಡುವುದಿಲ್ಲ. ಆದರೆ ಅವರು ಯಾರೆಂದು ಊರಿಗೆಲ್ಲ ಹೇಳುವುದೂ ಅದೇ. ಅದಕ್ಕೇ ಮೂರನೇ ಸಲ ಚುಕ್ಕಿ ಒಳಗಿಟ್ಟು, ಹೆಸರಿನ ಮೇಲೆ ಹಸಿರು ಬಟ್ಟೆ ಮಡಿಸಿ ಹಾಕಿದೆ. ಒಪ್ಪಿಗೆ ಪತ್ರ ಓದಿ ಹೇಳಿ ಹೆಬ್ಬೆಟ್ಟು ತೆಗೆದುಕೊಂಡೆ. ಫೈಲಿಗೆ ಓಪಿ (ಹೊರರೋಗಿ) ನಂಬರು ಮತ್ತು ತಾರೀಕು ಮಾತ್ರ, ಗ್ಯಾಲರಿಯಲ್ಲಿ ಉಳಿಸಲಿಲ್ಲ. ಈ ಸಲ ಅಳತೆ 31 ಮಿಲಿಮೀಟರ್, ಫೋಟೋದಲ್ಲೂ 31. "ಈಗ ಉರಿ ಇಲ್ಲ ಬುಡಪ್ಪ" ಅಂದರು.