ಸೈಕಲ್ ಕಳಕೊಂಡವಳ ಡ್ರೈವಿಂಗ್ ಕ್ಲಾಸು

‘ಹ್ಯಾಪಿ-ಗೋ-ಲಕ್ಕಿ’ ಅನ್ನೋ ಇಂಗ್ಲಿಷ್ ಸಿನಿಮಾವನ್ನು ಮೊದಲ ಸಲ ಹಾಕಿದಾಗ ಇಪ್ಪತ್ತು ನಿಮಿಷಕ್ಕೇ ಆಫ್ ಮಾಡಿಬಿಟ್ಟಿದ್ದೆ. ಏನೇ ಆದರೂ ಕಿಸಕ್ಕನೆ ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಇಲ್ಲಿ ನೋಡಿದರೆ ಅಂಥವಳೇ ನಾಯಕಿ. ಹೆಸರು ಪಾಪಿ. ಕನ್ನಡದಲ್ಲಿ ಈ ಹೆಸರಿಗೆ ಏನರ್ಥ ಅಂತ ಯಾರಾದರೂ ಹೇಳಿದರೆ ಅದಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕಾಳು.

ಲಂಡನ್ನಿನಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವ ಮೂವತ್ತರ ಹೆಂಗಸು. ಸೈಕಲ್ ತುಳಿದುಕೊಂಡು ಒಂದು ಪುಸ್ತಕದಂಗಡಿಗೆ ಹೋಗುತ್ತಾಳೆ. ಅಂಗಡಿಯವನು ತುಟಿ ಬಿಚ್ಚುವುದಿಲ್ಲ, ಇವಳು ಬಾಯಿ ಮುಚ್ಚುವುದಿಲ್ಲ. ಹೊರಗೆ ಬಂದರೆ ಸೈಕಲ್ ಮಾಯ. ಬೈಯೋದಿಲ್ಲ, ಹುಡುಕಾಡೋದಿಲ್ಲ, ಅದಕ್ಕೊಂದು ಟಾಟಾ ಹೇಳೋಕೂ ಆಗಲಿಲ್ಲವಲ್ಲ ಅಂತ ಪೇಚಾಡಿಕೊಳ್ಳುತ್ತಾಳೆ ಅಷ್ಟೆ. ಆಮೇಲೆ ಗೆಳತಿಯರ ಜೊತೆ ರಾತ್ರಿಯಿಡೀ ಗಲಾಟೆ. ನನಗೆ ಸಾಕಾಗಿತ್ತು.

ಎರಡನೇ ಸಲ ನೋಡಿದ್ದು ಸ್ಟಾಫ್‌ರೂಮಿನ ಗೆಳತಿಯ ಕಾಟಕ್ಕೆ. ನಾನೂ ಟೀಚರ್ರೇ, ಮೂರನೇ ಕ್ಲಾಸು. “ಆ ಡ್ರೈವಿಂಗ್ ಮೇಷ್ಟ್ರು ಬರೋವರೆಗಾದ್ರೂ ನೋಡೇ ಮಾರಾಯ್ತಿ” ಅಂದಳು.

ಮೇಷ್ಟ್ರು ಬಂದ. ಹೆಸರು ಸ್ಕಾಟ್, ಮಾಡಿದವನು ಎಡ್ಡಿ ಮಾರ್ಸನ್. ಹಲ್ಲು ಕಚ್ಚಿಕೊಂಡೇ ಮಾತಾಡುವ ಮನುಷ್ಯ. ಕಾರಿನ ಮೂರು ಕನ್ನಡಿಗಳನ್ನು ತ್ರಿಕೋನ ಅಂತ ಕಲ್ಪಿಸಿಕೊಂಡು, ಮೇಲಿನ ತುದಿಯ ಕನ್ನಡಿಗೆ ‘ಎನ್‌ರಾಹಾ’ ಅಂತ ಹೆಸರಿಟ್ಟಿದ್ದಾನೆ. ಅದನ್ನು ಮಂತ್ರದ ಹಾಗೆ ಕೂಗುತ್ತಾನೆ. ಪಾಪಿ ಹಾಕಿಕೊಂಡು ಬರುವ ಎತ್ತರದ ಹಿಮ್ಮಡಿ ಬೂಟು ಕಂಡರೆ ಅವನಿಗೆ ಪ್ರತಿ ಕ್ಲಾಸಿನಲ್ಲೂ ಹೊಸದಾಗಿ ಸಿಟ್ಟು ಬರುತ್ತೆ. ರಸ್ತೆಯಲ್ಲಿ ಕರಿಯ ಹುಡುಗರು ಕಂಡರೆ ಬಾಗಿಲು ಲಾಕ್ ಮಾಡು ಅನ್ನುವವನು ಬೇರೆ.

ನನಗೆ ಕಾರು ಕಲಿಸಿದವರೂ ಇದೇ ಅಚ್ಚಿನವರು. ಕ್ಲಚ್ ಬಿಡುವಾಗ ಗಾಡಿ ಒಮ್ಮೆ ಜರ್ಕ್ ಹೊಡೆದು ನಿಂತರೆ, ಸ್ಟಿಯರಿಂಗ್ ಮೇಲೆ ಫೈಲಿನಿಂದ ಪಟಪಟ ಬಡಿಯುತ್ತಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಕಲಿತು, ಮನೆಗೆ ಬಂದು ಬಚ್ಚಲಲ್ಲಿ ಅತ್ತವಳು. ಪಾಪಿ ಬಾಯಿ ಮುಚ್ಚುವುದಿಲ್ಲ. ತಮಾಷೆ ಮಾಡುತ್ತಾಳೆ, ಅವನ ಬಾಲ್ಯ ಕೆದಕುತ್ತಾಳೆ, ಅವನ ಮುಖವನ್ನು ಓದುತ್ತಾಳೆ. ಹಾಗಂತ ಎಲ್ಲ ನ್ಯಾಯ ಅವಳ ಕಡೆಗಿಲ್ಲ. ಓಡುವ ಕಾರಿನಲ್ಲಿ ಹಾಗೆ ಕುಣಿದಾಡಿದರೆ ನಾನೂ ಬೈಯುತ್ತಿದ್ದೆ. ಬೂಟಿನ ವಿಷಯದಲ್ಲಂತೂ ಸ್ಕಾಟ್ ಹೇಳಿದ್ದು ಸರಿ.

ನಾನು ಸೋತದ್ದು ಶಾಲೆಯ ದೃಶ್ಯದಲ್ಲಿ. ಕಾಗದದ ಚೀಲದಲ್ಲಿ ಹಕ್ಕಿಯ ಮುಖವಾಡ ಮಾಡಿ ಮಕ್ಕಳ ಜೊತೆ ರೆಕ್ಕೆ ಬಡಿಯುವ ಟೀಚರ್ ಅಂದರೆ ಬರೀ ಹುಡುಗಾಟ ಅಂದುಕೊಂಡಿದ್ದೆ. ಅವಳ ಕ್ಲಾಸಿನ ಒಬ್ಬ ಹುಡುಗ ಬೇರೆ ಮಕ್ಕಳಿಗೆ ಹೊಡೆಯಲು ಶುರುಮಾಡುತ್ತಾನೆ. ಅದು ಅವಳ ಕಣ್ಣಿಗೆ ಬೀಳುತ್ತೆ. ಇಂಥ ಹುಡುಗನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ, ಸುಳ್ಳೇಕೆ ಹೇಳಲಿ. ಅವಳು ಸಮಾಜ ಕಾರ್ಯಕರ್ತನನ್ನು ಕರೆಸಿ, ಹುಡುಗನ ಪಕ್ಕ ಕೂತು, ಅವನೇ ಹೇಳಲಿ ಅಂತ ಕಾಯುತ್ತಾಳೆ. ಅಷ್ಟು ಹೊತ್ತು ಬಡಬಡಿಸುತ್ತಿದ್ದವಳಿಗೆ ಇಲ್ಲಿ ಮಾತೇ ಕಡಿಮೆ. ಹುಡುಗನಿಗೆ ಮನೆಯಲ್ಲಿ ಏಟು ಬೀಳುತ್ತಿದೆ ಅನ್ನುವುದು ನಿಧಾನವಾಗಿ ಹೊರಬರುತ್ತೆ. ಆಗ ಹೊಳೆಯಿತು, ಇವಳು ನಗುವುದು ಬೇರೆಯವರ ನೋವು ಕಾಣದ್ದರಿಂದ ಅಲ್ಲ. ಎಲ್ಲರಿಗಿಂತ ಮೊದಲು ಕಾಣುವುದು ಇವಳಿಗೇ.

ಪಾಪಿಯಾಗಿರುವವಳು ಸ್ಯಾಲಿ ಹಾಕಿನ್ಸ್. 2008ರ ಬರ್ಲಿನ್ ಚಿತ್ರೋತ್ಸವದಲ್ಲಿ ಇವಳಿಗೆ ಅತ್ಯುತ್ತಮ ನಟಿ ಅಂತ ಬೆಳ್ಳಿ ಕರಡಿ ಪ್ರಶಸ್ತಿ ಬಂತು, ಮರುವರ್ಷ ಗೋಲ್ಡನ್ ಗ್ಲೋಬ್ ಕೂಡ. ನಿರ್ದೇಶಕ ಮೈಕ್ ಲೀ. ಈತ ಬರೆದ ಚಿತ್ರಕಥೆ ಹಿಡಿದು ಶುರುಮಾಡುವವನಲ್ಲ. ನಟರ ಜೊತೆ ತಿಂಗಳುಗಟ್ಟಲೆ ಕೂತು, ಪಾತ್ರಗಳನ್ನು ಆಡಿಸಿ ಆಡಿಸಿ ಕಥೆ ಕಟ್ಟುತ್ತಾನೆ. ಹಾಗೆ ಕಟ್ಟಿದ ಈ ಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡದ್ದು ಚಿತ್ರಕಥೆಗೇ! ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವುದು, ಜೋಕು ನೆಲಕಚ್ಚಿದ ಮೇಲೆ ಉಳಿಯುವ ಮೌನ, ಇವೆಲ್ಲ ಆ ತಾಲೀಮಿನಿಂದಲೇ ಬಂದಿರಬೇಕು.

ಒಪ್ಪದ ಜಾಗಗಳೂ ಇವೆ. ರಾತ್ರಿ ಹೊತ್ತು ನಿರ್ಜನ ಜಾಗದಲ್ಲಿ ತನ್ನಷ್ಟಕ್ಕೆ ಗೊಣಗುವ ಅಲೆಮಾರಿಯ ಹತ್ತಿರ ಒಬ್ಬಳೇ ಹೋಗಿ ನಿಲ್ಲುತ್ತಾಳೆ. ನನ್ನೆದೆ ಡವಡವ ಅನ್ನುತ್ತಿತ್ತು, ಆದರೆ ನಂಬಲಿಕ್ಕಾಗಲಿಲ್ಲ. ಬಸುರಿ ತಂಗಿ ಇವಳಿಗೆ ಬುದ್ಧಿ ಹೇಳಲೆಂದೇ ಹುಟ್ಟಿದ ಹಾಗಿದ್ದಾಳೆ. ಆ ಸಮಾಜ ಕಾರ್ಯಕರ್ತನ ಜೊತೆಗಿನ ಪ್ರೇಮದ ಎಳೆ ಚೆಂದ, ಆದರೆ ಸಪ್ಪೆ. ಫ್ಲಮೆಂಕೊ ಕುಣಿತ ಕಲಿಸುವ ಟೀಚರಮ್ಮ ಕ್ಲಾಸಿನ ನಡುವೆಯೇ ತನ್ನ ಸ್ವಂತ ಗೋಳಿಗೆ ಸಿಡಿಯುವ ದೃಶ್ಯಕ್ಕೆ ಮಾತ್ರ ಎರಡು ಸಲ ಹಿಂದಕ್ಕೆ ಹೋದೆ. ಬೈಗುಳ ಧಾರಾಳವಾಗಿದೆ, ಮಕ್ಕಳನ್ನು ಕೂರಿಸಿಕೊಂಡು ನೋಡಬೇಡಿ.

ಕೊನೆಯ ಡ್ರೈವಿಂಗ್ ಕ್ಲಾಸು ಹಾಸ್ಯಚಿತ್ರದ ಅಳತೆಗೆ ಮೀರಿದ್ದು. ಸ್ಕಾಟ್ ಕೆರಳಿ ಕಾರನ್ನು ಎರ‍್ರಾಬಿರ‍್ರಿ ಓಡಿಸುತ್ತಾನೆ. ಪಾಪಿ ಕೀ ಕಿತ್ತುಕೊಳ್ಳುತ್ತಾಳೆ, ಅವನು ಮೈಮೇಲೆ ಬೀಳುತ್ತಾನೆ. ಅವನೊಳಗಿನ ಒಂಟಿತನವೆಲ್ಲ ಬೈಗುಳವಾಗಿ ಅವಳ ಮುಖಕ್ಕೇ ಬಂದು ಬೀಳುತ್ತೆ. ಅವಳ ನಗು ಪೂರ್ತಿ ಇಳಿದುಹೋಗಿರುವುದು ಅಲ್ಲೇ. ಎಲ್ಲ ತಣ್ಣಗಾದ ಮೇಲೆ ಆ ಮನುಷ್ಯ ಮುಂದಿನ ವಾರದ ಕ್ಲಾಸಿನ ಮಾತು ಎತ್ತುತ್ತಾನೆ! ಅವಳು ಮೆಲ್ಲಗೆ, ಬೇಡ ಅನ್ನುತ್ತಾಳೆ. ಬೈಯದೆ, ಸಮಾಧಾನವೂ ಮಾಡದೆ. ಹಾಗೊಂದು ‘ಬೇಡ’ ನನ್ನ ಬಾಯಿಂದ ಆ ಫೈಲಿನ ಮೇಷ್ಟ್ರಿಗೆ ಬರಲೇ ಇಲ್ಲ, ಇಪ್ಪತ್ತೈದು ಕ್ಲಾಸಿನ ದುಡ್ಡು ಕಟ್ಟಿ ಇಪ್ಪತ್ತೈದಕ್ಕೂ ಹೋಗಿದ್ದೆ.

ಮುಗಿಯುವಾಗ ಪಾಪಿ ಗೆಳತಿ ಜೋಯಿ ಜೊತೆ ಕೆರೆಯಲ್ಲಿ ದೋಣಿ ನಡೆಸುತ್ತಿರುತ್ತಾಳೆ. ಕಾಲಿಗೆ ಯಾವ ಬೂಟು ಹಾಕಿದ್ದಾಳೆ ಅಂತ ನೋಡಬೇಕು ಅಂದುಕೊಂಡಿದ್ದೆ, ಮರೆತೇಹೋಯಿತು.